ಟಿವಿಯಲ್ಲಿ ಕಾಣುತ್ತೆ, ರೆಕಾರ್ಡಿಂಗ್ ಇಲ್ಲ: ಡಿವಿಆರ್ ಪ್ರಶ್ನೋತ್ತರ

ಪ್ರಶ್ನೆ: ಮಂಡಿಪೇಟೆಯ ದಿನಸಿ ವ್ಯಾಪಾರಿ

ನಮಸ್ಕಾರ ಸಾರ್. ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮದು ಹೋಲ್‌ಸೇಲ್ ದಿನಸಿ ಅಂಗಡಿ. ನಾಲ್ಕು ಕ್ಯಾಮೆರಾ ಹಾಕಿಸಿ ಒಂದೂವರೆ ವರ್ಷ ಆಯ್ತು. ಗಲ್ಲಾ ಪಕ್ಕ ಟಿವಿ ಇದೆ. ನಾಲ್ಕೂ ಕಡೆಯ ಚಿತ್ರ ಕನ್ನಡಿ ಥರ ಕಾಣುತ್ತೆ. ಹೋದ ಸೋಮವಾರ ಗೋಡೌನ್‌ನಲ್ಲಿ 15 ಕೆಜಿ ಎಣ್ಣೆ ಡಬ್ಬ ಎರಡು ಲೆಕ್ಕಕ್ಕೆ ಸಿಗಲಿಲ್ಲ. ರೆಕಾರ್ಡಿಂಗ್ ನೋಡೋಣ ಅಂತ ಕೂತರೆ ಏನೂ ಇಲ್ಲ. ಸೋಮವಾರದ್ದು ಮಾತ್ರ ಅಲ್ಲ, ಯಾವ ದಿನದ್ದೂ ಇಲ್ಲ! ಹಾಕಿದವರಿಗೆ ಫೋನ್ ಮಾಡಿದರೆ ನಾಲ್ಕು ದಿನದಿಂದ "ಬಂದೆ ಅಣ್ಣ, ಬಂದೆ" ಅಂತಿದ್ದಾರೆ. ಚಿತ್ರ ಸರಿಯಾಗಿ ಬರುತ್ತಿದ್ದರೂ ರೆಕಾರ್ಡ್ ಯಾಕೆ ಆಗಿಲ್ಲ?

ಉತ್ತರ: ಕ್ಯಾಮೆರಾ ಕೆಲಸದವರು

ಅಣ್ಣಾರೆ, ಈ ಕಥೆ ನನಗೆ ಹೊಸದಲ್ಲ. ಕ್ಯಾಮೆರಾದ ಚಿತ್ರ ವೈರಿನಲ್ಲಿ ಡಿವಿಆರ್‌ಗೆ, ಅಂದರೆ ರೆಕಾರ್ಡ್ ಮಾಡೋ ಪೆಟ್ಟಿಗೆಗೆ, ಬರುತ್ತೆ. ಅಲ್ಲಿಂದ ಒಂದು ದಾರಿ ಟಿವಿಗೆ, ಇನ್ನೊಂದು ದಾರಿ ಹಾರ್ಡ್ ಡಿಸ್ಕಿಗೆ. ಡಿಸ್ಕ್ ಕಿತ್ತು ಮೇಜಿನ ಮೇಲಿಟ್ಟರೂ ಟಿವಿಯಲ್ಲಿ ಚಿತ್ರ ಬರುತ್ತಲೇ ಇರುತ್ತೆ. ನಲ್ಲಿ ಸುರೀತಾ ಇದೆ, ಕೆಳಗೆ ಕೊಡ ಇಟ್ಟಿಲ್ಲ, ಅಷ್ಟೇ.

ಹೀಗೆ ಮಾಡಿ. ಡಿವಿಆರ್ ಮೌಸ್‌ನ ಬಲಗಡೆ ಬಟನ್ ಒತ್ತಿ, ಮೇನ್ ಮೆನುಗೆ ಹೋಗಿ. ಸ್ಟೋರೇಜ್ ಅಂತಲೋ ಎಚ್‌ಡಿಡಿ ಅಂತಲೋ ಇರುತ್ತೆ. ಅಲ್ಲಿ ಡಿಸ್ಕಿನ ಹೆಸರೇ ಕಾಣದಿದ್ದರೆ ಡಿಸ್ಕ್ ಸತ್ತಿದೆ, ಇಲ್ಲವೇ ಒಳಗಿನ ಕೇಬಲ್ ಸಡಿಲ ಆಗಿದೆ. ಹೆಸರಿದ್ದು ಖಾಲಿ ಜಾಗ ಸೊನ್ನೆ ಅಂತ ತೋರಿಸಿದರೆ ಗಾಬರಿ ಬೇಡ. ಓವರ್‌ರೈಟ್ ಆನ್ ಇದ್ದರೆ ಹಳೇದನ್ನು ಅಳಿಸಿ ಹೊಸದು ಬರೆಯುತ್ತೆ, ಅದು ಸರಿಯೇ. ಓವರ್‌ರೈಟ್ ಆಫ್ ಇದ್ದರೆ ಮಾತ್ರ ಡಿಸ್ಕ್ ತುಂಬಿದ ದಿನವೇ ರೆಕಾರ್ಡಿಂಗ್ ನಿಂತಿರುತ್ತೆ. 'ಅನ್‌ಇನಿಶಿಯಲೈಸ್ಡ್' ಅಂತ ಇದ್ದರೆ ಡಿಸ್ಕನ್ನು ಈ ಡಿವಿಆರ್‌ಗೆ ಒಗ್ಗಿಸಿಯೇ ಇಲ್ಲ ಅಂತ ಅರ್ಥ.

ಒಂದು ಮಾತು: ಅಲ್ಲಿ ಫಾರ್ಮ್ಯಾಟ್ ಅಂತ ಬಟನ್ ಕಾಣುತ್ತೆ. ಸದ್ಯಕ್ಕೆ ಕೈ ಹಚ್ಚಬೇಡಿ. ಹಳೇ ವಿಡಿಯೊ ಏನಾದರೂ ಉಳಿದಿದ್ದರೆ ಅದೂ ಹೋಗುತ್ತೆ.

ಇನ್ನೊಂದು ಕೇಳಬೇಕಿತ್ತು. ಡಿವಿಆರ್ ಯಾವತ್ತಾದರೂ ಬೀಪ್ ಬೀಪ್ ಅಂತ ಸದ್ದು ಮಾಡಿತ್ತಾ?

ಮಂಡಿಪೇಟೆಯ ವ್ಯಾಪಾರಿ

ಮಾಡಿತ್ತು ಸಾರ್! ಯುಗಾದಿ ಆಸುಪಾಸಿನಲ್ಲಿ ಎರಡು ದಿನ ಬಿಡದೆ ಕಿರುಚಿತು. ಗಿರಾಕಿ ಜೊತೆ ಮಾತಾಡೋಕೆ ಆಗ್ತಿರಲಿಲ್ಲ. ಮಗ ಮೆನು ಒಳಗೆ ಹೋಗಿ ಅದೇನೋ ಮಾಡಿ ಸದ್ದು ನಿಲ್ಲಿಸಿದ. ಅವನಿಗೆ ಐವತ್ತು ರೂಪಾಯಿ ಕೂಡ ಕೊಟ್ಟೆ.

ಉತ್ತರ

ಅದೇ ನೋಡಿ. ಡಿಸ್ಕ್ ಸಿಗದಿದ್ದರೆ, ಕೆಟ್ಟರೆ ಡಿವಿಆರ್ ಹಾಗೆ ಕೂಗುತ್ತೆ. ಮಗ 'ಎಕ್ಸೆಪ್ಶನ್' ಅನ್ನೋ ಕಡೆ ಹೋಗಿ ಬಜರ್ ಟಿಕ್ ತೆಗೆದಿದ್ದಾನೆ. ಹುಡುಗನ್ನ ಬೈಯಬೇಡಿ, ಮೆಕ್ಯಾನಿಕ್‌ಗಳೇ ಹಾಗೆ ಮಾಡಿ ಹೋಗೋದನ್ನು ನೋಡಿದ್ದೇನೆ.

ಈಗ ಮುಚ್ಚಳ ತೆಗೆದು ನೋಡಿ. ಮೊದಲು ಮೆನುವಿನಿಂದಲೇ ಶಟ್‌ಡೌನ್ ಕೊಡಿ, ನಂತರ ಪ್ಲಗ್ ಕೀಳಿ. ಹಿಂದೆ, ಪಕ್ಕದಲ್ಲಿ ಸಣ್ಣ ಸ್ಕ್ರೂಗಳಿರುತ್ತವೆ. ಅವನ್ನು ಒಂದು ಬಟ್ಟಲಿಗೆ ಹಾಕಿಡಿ. ಒಳಗೆ ಡಿಸ್ಕಿಗೆ ಎರಡು ಕೇಬಲ್ ಬಂದಿರುತ್ತವೆ. ಅಗಲದ್ದು ಕರೆಂಟಿಗೆ, ಕಿರಿದು ಡೇಟಾಗೆ. ಎರಡನ್ನೂ ಬಿಚ್ಚಿ ಗಟ್ಟಿಯಾಗಿ ಒತ್ತಿ ಹಾಕಿ. ಪ್ಲಗ್ ಹಾಕಿದ ಮೇಲೆ ಡಿಸ್ಕಿನ ಹತ್ತಿರ ಕಿವಿ ಇಡಿ. ಸಣ್ಣಗೆ ಗುಂಯ್ ಅಂದರೆ ತಿರುಗುತ್ತಿದೆ. ಟಕ್ ಟಕ್ ಅಂದರೆ ಅದರ ಕಥೆ ಮುಗಿದಿದೆ. ಡಿಸ್ಕಿನ ಲೇಬಲ್‌ದು ಒಂದು ಫೋಟೊ ತೆಗೆದು ಇಲ್ಲಿ ಹಾಕಿ.

ಹಾಂ, ಡಿವಿಆರ್ ಎಲ್ಲಿಟ್ಟಿದ್ದೀರಿ? ನಮ್ಮ ಕಡೆ ಅಂಗಡಿಗಳಲ್ಲಿ ಡಿವಿಆರ್ ಮೇಲೆ ಲಕ್ಷ್ಮೀ ಫೋಟೊ, ಅದರ ಮುಂದೆ ಊದುಬತ್ತಿ. ಬೂದಿ ಎಲ್ಲಾ ಗಾಳಿ ಕಿಂಡಿಯಿಂದ ಒಳಗೆ. ಏಪ್ರಿಲ್ ಬಿಸಿಲಲ್ಲಿ ಅದನ್ನೇ ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರುತ್ತಾರೆ. ಡಿಸ್ಕಿಗೆ ಬಿಸಿಯೇ ಶತ್ರು. ದೇವರಿಗೆ ಬೇರೆ ಜಾಗ ಮಾಡಿಕೊಡಿ.

ಪ್ರಶ್ನೆ: ಬೆಣ್ಣೆ ದೋಸೆ ಹೋಟೆಲ್‌ನವರು

ನಡುವೆ ಬಾಯಿ ಹಾಕ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲಿ ಆರು ಕ್ಯಾಮೆರಾ, ಡಿಸ್ಕ್ 1 ಟಿಬಿ. ವಾರದ ಹಿಂದಿನದೇ ಸಿಗಲ್ಲ. 30 ದಿನ ಇರಬೇಕು ಅಂತ ಪೊಲೀಸಿನವರು ಹೇಳಿ ಹೋದರು. ಎಷ್ಟು ದೊಡ್ಡ ಡಿಸ್ಕ್ ಹಾಕಬೇಕು?

ಉತ್ತರ

ಅವರು ಹೇಳಿದ್ದು ಸರಿ. ಜನ ಜಾಸ್ತಿ ಸೇರುವ ಜಾಗಗಳಿಗೆ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತೆ ಕಾಯ್ದೆ ಇದೆ. ಅದರ ಪ್ರಕಾರ 30 ದಿನದ ವಿಡಿಯೊ ಇಟ್ಟಿರಬೇಕು.

ಲೆಕ್ಕ ಸುಲಭ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಬಿಟ್ ರೇಟ್ ಅಂತ ಇರುತ್ತೆ, ಸೆಕೆಂಡಿಗೆ ಎಷ್ಟು ಡೇಟಾ ಬರೆಯುತ್ತೆ ಅನ್ನೋ ಲೆಕ್ಕ ಅದು. 1 ಎಂಬಿಪಿಎಸ್ ಇದ್ದರೆ ಒಂದು ಕ್ಯಾಮೆರಾ ದಿನಕ್ಕೆ 10.8 ಜಿಬಿ ತಿನ್ನುತ್ತೆ. ಇದೊಂದು ಅಂಕಿ ನೆನಪಿಟ್ಟರೆ ಸಾಕು, ಯಾರೂ ನಿಮಗೆ ಟೋಪಿ ಹಾಕೋಕಾಗಲ್ಲ. 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಎಚ್ 265ರಲ್ಲಿ (ವಿಡಿಯೊ ಕುಗ್ಗಿಸೋ ಒಂದು ವಿಧಾನ) 2 ಎಂಬಿಪಿಎಸ್‌ಗೆ ಇಟ್ಟರೆ ದಿನಕ್ಕೆ 21.6 ಜಿಬಿ. ನಿಮ್ಮ ಆರಕ್ಕೆ 129.6. ಅಂದರೆ 1 ಟಿಬಿ ಡಿಸ್ಕ್ ಹೆಚ್ಚುಕಮ್ಮಿ ಏಳೂವರೆ ದಿನಕ್ಕೆ ತುಂಬುತ್ತೆ. ನಿಮಗೆ ಆಗ್ತಿರೋದೂ ಅದೇ. 30 ದಿನಕ್ಕೆ 3,888 ಜಿಬಿ ಬೇಕು. 4 ಟಿಬಿ ಹಾಕಿದರೆ ಕಂಠಮಟ್ಟ. ನಾನಾದರೆ 6 ಟಿಬಿ ಹಾಕ್ತೀನಿ. ಅದಕ್ಕೆ ಮೊದಲು ನಿಮ್ಮ ಡಿವಿಆರ್ ಎಷ್ಟು ದೊಡ್ಡ ಡಿಸ್ಕ್ ತಗೊಳ್ಳುತ್ತೆ ಅಂತ ಅದರ ಜೊತೆ ಬಂದ ಪುಸ್ತಕದಲ್ಲಿ ನೋಡಿ. ಎಲ್ಲಾ ಡಿವಿಆರ್‌ಗೂ ಒಂದು ಮಿತಿ ಇದೆ.

ಹೋಟೆಲ್ ಬಾಗಿಲು ಹಾಕಿದ ಮೇಲೆ ಮೋಷನ್ ರೆಕಾರ್ಡಿಂಗ್ ಇಟ್ಟರೆ ಜಾಗ ಉಳಿಯುತ್ತೆ, ಏನಾದರೂ ಅಲುಗಾಡಿದಾಗ ಮಾತ್ರ ಬರೆಯುತ್ತೆ. ಆದರೆ ಲೆನ್ಸ್ ಮುಂದೆ ಜೇಡ ಬಲೆ ಕಟ್ಟಿದರೆ ರಾತ್ರಿ ಪೂರ್ತಿ ಜೇಡನದ್ದೇ ರೆಕಾರ್ಡಿಂಗ್. ನಿಮ್ಮಲ್ಲಿ ಇನ್ನೊಂದು ಕಾಟ ಇದೆ. ಸೌದೆ ಒಲೆ ಹೊಗೆ, ಬೆಣ್ಣೆ ಜಿಡ್ಡು. ಕಾವಲಿ ಕಡೆ ಮುಖ ಮಾಡಿದ ಕ್ಯಾಮೆರಾದ ಗಾಜಿನ ಮೇಲೆ ತಿಂಗಳೊಳಗೆ ಪದರ ಕಟ್ಟುತ್ತೆ. ಹಗಲು ಗೊತ್ತಾಗಲ್ಲ. ರಾತ್ರಿ ಕ್ಯಾಮೆರಾದ ಕೆಂಪು ಎಲ್‌ಇಡಿ ಬೆಳಕು ಅದೇ ಜಿಡ್ಡಿಗೆ ಬಡಿದು ಚಿತ್ರ ಪೂರ್ತಿ ಬಿಳಿ ಮಂಜು. ಮೆತ್ತನೆ ಬಟ್ಟೆ ಒದ್ದೆ ಮಾಡಿ ಒರೆಸಿಸಿ. ಟೇಬಲ್ ಒರೆಸೋ ಬಟ್ಟೆ ಬೇಡ.

ಪ್ರಶ್ನೆ: ಚಳ್ಳಕೆರೆಯ ಎಣ್ಣೆ ಮಿಲ್ಲಿನವರು

ನಮ್ಮ ಗೇಟ್ ಕ್ಯಾಮೆರಾ ಹಗಲು ಚೆನ್ನಾಗಿ ಬರುತ್ತೆ. ಕತ್ತಲಾದ ಕೂಡಲೇ ಹೋಗುತ್ತೆ, ಬರುತ್ತೆ. ಕ್ಯಾಮೆರಾ ಎರಡು ಸಲ ಬದಲಾಯಿಸಿದ್ದೀವಿ. ಆಫೀಸಿಂದ ಗೇಟಿಗೆ ಹೆಚ್ಚುಕಮ್ಮಿ 120 ಮೀಟರ್.

ಉತ್ತರ

ಕ್ಯಾಮೆರಾದ ತಪ್ಪಿಲ್ಲ. ರಾತ್ರಿ ಅದರ ಕೆಂಪು ಎಲ್‌ಇಡಿಗಳು ಹತ್ತಿದಾಗ ಕ್ಯಾಮೆರಾ ಜಾಸ್ತಿ ಕರೆಂಟ್ ಎಳೆಯುತ್ತೆ. 12 ವೋಲ್ಟ್ ಅಷ್ಟು ದೂರ ಸಣ್ಣ ವೈರಿನಲ್ಲಿ ಹೋದರೆ ದಾರಿಯಲ್ಲೇ ಸೋರುತ್ತೆ. ಹಿರಿಯೂರು ರಸ್ತೆಯ ಒಂದು ಗೋಡೌನ್‌ನಲ್ಲಿ ಮಲ್ಟಿಮೀಟರ್ ಹಿಡಿದು ನೋಡಿದ್ದೆ. ಹಗಲು ಕ್ಯಾಮೆರಾ ತುದಿಯಲ್ಲಿ 11 ಚಿಲ್ಲರೆ ಇತ್ತು. ಕೈಯಲ್ಲಿ ಲೆನ್ಸ್ ಮುಚ್ಚಿ ಕತ್ತಲು ಮಾಡಿದೆ. ಟಕ್ ಅಂತ ಎಲ್‌ಇಡಿ ಹತ್ತಿತು, ಮೀಟರ್ 9ಕ್ಕೆ ಬಂತು, ಚಿತ್ರ ಹೋಯ್ತು. ನೀವೂ ಹಗಲೇ ಹೀಗೆ ಮುಚ್ಚಿ ನೋಡಬಹುದು, ಕತ್ತಲಿಗೆ ಕಾಯೋದು ಬೇಡ. ಗೇಟಿನ ವಾಚ್‌ಮನ್ ಕೋಣೆಯಲ್ಲಿ ಕರೆಂಟ್ ಇದ್ದರೆ ಅಲ್ಲೇ ಒಂದು ಒಳ್ಳೆ 12 ವೋಲ್ಟ್ ಅಡಾಪ್ಟರ್ ಹಾಕಿ. ಚಿತ್ರದ ಕೇಬಲ್‌ಗೆ ಆ ದೂರ ಏನೂ ಅಲ್ಲ.

ಪ್ರಶ್ನೆ: ವಿದ್ಯಾನಗರದಲ್ಲಿ ಹುಡುಗಿಯರ ಪಿಜಿ ನಡೆಸುವವರು

ಅಣ್ಣ, ಇಂಟರ್ನೆಟ್ ಇಲ್ಲದಿದ್ದರೆ ರೆಕಾರ್ಡ್ ಆಗಲ್ವಾ? ಮತ್ತೆ ಹಾಕಿ ಹೋದ ಹುಡುಗನ ಮೊಬೈಲಲ್ಲೂ ನಮ್ಮ ಕ್ಯಾಮೆರಾ ಕಾಣುತ್ತಂತೆ. ಅದು ಸರಿನಾ?

ಉತ್ತರ

ಆಗುತ್ತೆ ಅಕ್ಕ. ಇಂಟರ್ನೆಟ್ ಬೇಕಾಗಿರೋದು ಮೊಬೈಲಲ್ಲಿ ನೋಡೋಕೆ ಮಾತ್ರ.

ಎರಡನೇದು ಖಂಡಿತ ಸರಿ ಅಲ್ಲ, ಇವತ್ತೇ ತೆಗೆಸಿ. ಡಿವಿಆರ್ ಅವನ ಖಾತೆಗೆ ಸೇರಿದ್ದರೆ ಅವನ ಆ್ಯಪ್‌ನಿಂದ ಡಿಲೀಟ್ ಮಾಡಿಸಿ, ಡಿವಿಆರ್ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನಿಮ್ಮ ನಂಬರಿಗೆ ಸೇರಿಸಿಕೊಳ್ಳಿ. ಆಮೇಲೆ ಅಡ್ಮಿನ್ ಪಾಸ್‌ವರ್ಡ್ ನೀವೇ ಬದಲಾಯಿಸಿ, ಪುಸ್ತಕದಲ್ಲಿ ಬರೆದಿಡಿ. ಯೂಸರ್ ಪಟ್ಟಿಯಲ್ಲಿ ಬೇರೆ ಹೆಸರಿದ್ದರೆ ಅಳಿಸಿ. 12345, ಅಡ್ಮಿನ್123 ಅಂತೆಲ್ಲಾ ಇಡಬೇಡಿ. 2016ರಲ್ಲಿ ಮಿರಾಯ್ ಅನ್ನೋ ವೈರಸ್ ಇಂಥ ಪಾಸ್‌ವರ್ಡ್‌ಗಳನ್ನೇ ಹಿಡಿದು ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್‌ಗಳ ಒಳಗೆ ಹೊಕ್ಕಿತ್ತು. ಕ್ಯಾಮೆರಾ ಗೇಟ್, ಮೆಟ್ಟಿಲು, ಅಡುಗೆಮನೆ ಬಾಗಿಲಿಗೆ ಸಾಕು. ಹುಡುಗಿಯರ ಕೋಣೆ ಬಾಗಿಲು ತೆರೆದರೆ ಒಳಗೆ ಕಾಣುವ ಹಾಗೂ ತಿರುಗಿಸಬೇಡಿ.

ಪ್ರಶ್ನೆ: ಚಿತ್ರದುರ್ಗದ ಮೊಬೈಲ್ ಅಂಗಡಿಯವರು

ಅಂಗಡಿ ಮುಂದೆ ಬೈಕ್ ಕಳ್ಳತನ ಆಯ್ತು. ನಾನು ಟಿವಿ ಸ್ಕ್ರೀನನ್ನೇ ಮೊಬೈಲಲ್ಲಿ ಶೂಟ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಇದು ನಡೆಯಲ್ಲ ಅಂದರು ಪೊಲೀಸಿನವರು. ಜೊತೆಗೆ ನಮ್ಮ ಡಿವಿಆರ್ ಟೈಮ್ 22 ನಿಮಿಷ ಹಿಂದೆ ಇದೆ. ಸರಿ ಮಾಡಿ ಕೊಡಲಾ?

ಉತ್ತರ

ಅಯ್ಯೋ, ಈಗ ಟೈಮ್ ಮುಟ್ಟಬೇಡಿ! ಮೊದಲು ವಿಡಿಯೊ ತೆಗೆಯಿರಿ. ಮೊಬೈಲ್ ಗಡಿಯಾರವನ್ನು ಟಿವಿ ಪಕ್ಕ ಹಿಡಿದು ಎರಡೂ ಸಮಯ ಕಾಣುವ ಹಾಗೆ ಒಂದು ಫೋಟೊ ತೆಗೆದುಕೊಳ್ಳಿ. '22 ನಿಮಿಷ ಹಿಂದೆ' ಅಂತ ಕಾಗದದಲ್ಲಿ ಬರೆದು ಕೊಡಿ. ಗಡಿಯಾರ ಆಮೇಲೆ ಸರಿ ಮಾಡಿದರಾಯ್ತು.

ವಿಡಿಯೊ ತೆಗೆಯೋಕೆ ಖಾಲಿ ಪೆನ್‌ಡ್ರೈವ್ ಹಾಕಿ, ಬ್ಯಾಕಪ್ ಅನ್ನೋ ಕಡೆ ಕ್ಯಾಮೆರಾ, ತಾರೀಕು, ಸಮಯ ಆರಿಸಿ. ಕಳ್ಳತನಕ್ಕೆ ಅರ್ಧ ಗಂಟೆ ಮುಂಚಿನಿಂದ ತಗೊಳ್ಳಿ. ಕಳ್ಳ ಬಂದು ಮೊದಲು ಸುತ್ತಾಡಿ ನೋಡಿರುತ್ತಾನೆ. ಡಿವಿಆರ್‌ದೇ ಫಾರ್ಮ್ಯಾಟ್‌ನಲ್ಲಿ ಬಂದರೆ ಅದರ ಪ್ಲೇಯರ್ ಕೂಡ ಅದೇ ಪೆನ್‌ಡ್ರೈವ್‌ಗೆ ಹಾಕಿಕೊಡಿ, ಠಾಣೆ ಕಂಪ್ಯೂಟರಲ್ಲಿ ತೆರೆಯಬೇಕಲ್ಲ. ಇನ್ನೊಂದು ಕಾಪಿ ನಿಮ್ಮ ಹತ್ತಿರ ಇರಲಿ. ತಡ ಮಾಡಿದರೆ ಓವರ್‌ರೈಟ್ ಆಗಿ ಆ ದಿನವೇ ಅಳಿಸಿ ಹೋಗುತ್ತೆ.

ಕೋರ್ಟಿಗೆ ಹೋಗುವಾಗ ಒಂದು ಪ್ರಮಾಣಪತ್ರ ಬೇಕು. ಮುಂಚೆ ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಅಂತಿದ್ದರು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ. ಫೈಲಿನ ಹ್ಯಾಶ್ ಸಂಖ್ಯೆ, ಅಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ, ಅದರಲ್ಲಿ ಬರೆಯಬೇಕು. ನಮೂನೆ ತನಿಖೆಯವರೇ ಕೊಡುತ್ತಾರೆ. ಡಿವಿಆರನ್ನೇ ಒಯ್ಯುತ್ತೇವೆ ಅಂದರೆ ಕೊಡಿ, ಸೀರಿಯಲ್ ನಂಬರ್ ಬರೆಸಿ ಸ್ವೀಕೃತಿ ತಗೊಳ್ಳಿ.

ಕರೆಂಟ್ ಹೋಗಿ ಬಂದಾಗಲೆಲ್ಲ ಟೈಮ್ ತಪ್ಪುತ್ತಿದ್ದರೆ ಒಳಗಿನ ಬಟನ್ ಸೆಲ್ ಸತ್ತಿರುತ್ತೆ. ಕೆಲವು ಡಿವಿಆರ್‌ಗಳಲ್ಲಿ ಅದನ್ನು ಸುಲಭವಾಗಿ ಬದಲಾಯಿಸಬಹುದು. ಒಂದು ಕಂಪ್ಯೂಟರ್ ಯುಪಿಎಸ್ ಕೂಡ ಇಡಿ. ಬೆಸ್ಕಾಂ ಕರೆಂಟ್ ಪಟ್ ಅಂತ ಹೋಗಿ ಬರುವಾಗ ಡಿಸ್ಕಿಗೆ ಬೀಳೋ ಪೆಟ್ಟು ತಪ್ಪುತ್ತೆ.

ಮಂಡಿಪೇಟೆಯ ವ್ಯಾಪಾರಿ (ಎರಡು ದಿನದ ನಂತರ)

ಸಾರ್, ಮುಚ್ಚಳ ಬಿಚ್ಚಿದೆ. ಊದುಬತ್ತಿ ಬೂದಿ ನಿಜವಾಗಲೂ ಇತ್ತು, ನಗಬೇಡಿ. ಡಿಸ್ಕ್ ಟಕ್ ಟಕ್ ಅಂತಿತ್ತು. ಫೋಟೊ ಹಾಕಿದ್ದೀನಿ. ಬಿಲ್‌ನಲ್ಲಿ ಹೊಸ 1 ಟಿಬಿ ಅಂತ ಇದೆ. ಒಳಗಿರೋದು 500 ಜಿಬಿ, ಲೇಬಲ್ ಮೇಲೆ 2013.

ಉತ್ತರ

ನೋಡಿದೆ. ಯಾವುದೋ ಹಳೇ ಕಂಪ್ಯೂಟರ್‌ನಿಂದ ಕಿತ್ತ ಡಿಸ್ಕ್ ಅದು. ಬಿಲ್ಲು, ಡಿಸ್ಕು ಎರಡನ್ನೂ ಹಿಡಿದುಕೊಂಡು ಅವರ ಅಂಗಡಿಗೇ ಹೋಗಿ. ಫೋನಿನಲ್ಲಿ ಈ ಮಾತು ಮುಗಿಯಲ್ಲ. ಅವರು ಕೊಡಲಿ ಬಿಡಲಿ, ಹೊಸದು ತರುವಾಗ ಕ್ಯಾಮೆರಾಗೆ ಅಂತಲೇ ಮಾಡಿದ ಡಿಸ್ಕ್ ಕೇಳಿ. ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಥರದ್ದು. ಹಗಲು ರಾತ್ರಿ ಬರೆಯೋಕೆ ಅಂತಲೇ ಅವು ಇರೋದು. ಸೀರಿಯಲ್ ನಂಬರನ್ನು ಕಂಪನಿ ವೆಬ್‌ಸೈಟಲ್ಲಿ ಹಾಕಿ ವಾರಂಟಿ ಇದೆಯಾ ಅಂತ ಅಂಗಡಿಯಲ್ಲೇ ನಿಂತು ನೋಡಿ. ಹೊಸ ಡಿಸ್ಕಿಗೆ ಫಾರ್ಮ್ಯಾಟ್ ಕೊಡಲೇಬೇಕು, ಈಗ ಹೆದರಬೇಡಿ. ಓವರ್‌ರೈಟ್ ಆನ್ ಮಾಡಿ, ಷೆಡ್ಯೂಲ್‌ನಲ್ಲಿ ಏಳೂ ದಿನ 24 ಗಂಟೆ ಬಣ್ಣ ತುಂಬಿದೆಯಾ ನೋಡಿ. ಮಾರನೇ ದಿನ ಕೂತು ನಾಲ್ಕೂ ಕ್ಯಾಮೆರಾದ ಹಿಂದಿನ ರಾತ್ರಿಯ ವಿಡಿಯೊ ಓಡಿಸಿ ನೋಡಿ. ಅದನ್ನು ನೋಡುವ ತನಕ ಕೆಲಸ ಮಾಡಿದವನಿಗೆ ಪೂರ್ತಿ ದುಡ್ಡು ಕೊಡಬಾರದು, ನನಗೂ ಸೇರಿಸಿ ಹೇಳ್ತಿದ್ದೀನಿ.

ಮಂಡಿಪೇಟೆಯ ವ್ಯಾಪಾರಿ

ಹಾಕಿಸಿದೆ ಸಾರ್, 2 ಟಿಬಿ. ಇವತ್ತು ಬೆಳಿಗ್ಗೆ ನಿನ್ನೆ ರಾತ್ರಿದು ಓಡಿಸಿ ನೋಡಿದೆ. ಎಣ್ಣೆ ಡಬ್ಬ ಹೋಗಿದ್ದು ಹೋಯ್ತು ಬಿಡಿ. ರಾತ್ರಿ 2 ಗಂಟೆ 10 ನಿಮಿಷಕ್ಕೆ ಬೆಕ್ಕಿನಷ್ಟು ದಪ್ಪ ಹೆಗ್ಗಣ ಒಂದು ಶೇಂಗಾ ಚೀಲದ ಮೇಲೆ ಕೂತು ನೆಮ್ಮದಿಯಾಗಿ ಊಟ ಮಾಡ್ತಿದೆ. ಮುಖ ಕೂಡ ಸ್ಪಷ್ಟ ಕಾಣುತ್ತೆ.

ಉತ್ತರ

ಒಳ್ಳೇದು. ಬೀಪ್ ಸದ್ದು ವಾಪಸ್ ಆನ್ ಮಾಡಿದ್ರಾ?

ಮಂಡಿಪೇಟೆಯ ವ್ಯಾಪಾರಿ

ಇಲ್ಲ... ಮಗ ಕಾಲೇಜಿಂದ ಬರಲಿ, ಅವನ ಕೈಲೇ ಮಾಡಿಸ್ತೀನಿ. ಐವತ್ತು ರೂಪಾಯಿ ಇನ್ನೂ ಬಾಕಿ ಇದೆ ಅವನ ಮೇಲೆ.