ಹಿತ್ತಲಲ್ಲಿ ಸಾಲುಗಟ್ಟಿದ ಕಂಬಳಿಹುಳು: ಪಶುವೈದ್ಯರಿಗೊಂದು ಪ್ರಶ್ನೆ

ಪ್ರಶ್ನೆ: ಡಾಕ್ಟ್ರೇ, ನಾವು ಬ್ರಿಸ್ಬೇನ್‌ಗೆ ಬಂದು ಒಂದು ವರ್ಷ. ಬೆಳಿಗ್ಗೆ ಹಿತ್ತಲಲ್ಲಿ ಕಂಬಳಿಹುಳುಗಳು ಒಂದರ ಹಿಂದೆ ಒಂದು ಅಂಟಿಕೊಂಡು, ಹಗ್ಗ ಎಳೆದ ಹಾಗೆ ಹೋಗುತ್ತಿದ್ದವು. ನಾಯಿ ಮೂತಿ ಹಾಕಿಬಿಟ್ಟಿತು. ಈಗ ಜೊಲ್ಲು ಸುರಿಸುತ್ತಾ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತಿದೆ. ಅಕೇಶಿಯಾ ಮರದ ಬುಡದಲ್ಲಿ ಕಂದು ಬಣ್ಣದ ಚೀಲವೊಂದಿದೆ. ಅದನ್ನು ಸುಟ್ಟುಬಿಡಲಾ?

ಉತ್ತರ: ಮೊದಲು ನಾಯಿ, ಆಮೇಲೆ ಚೀಲ. ಗ್ಲೌಸ್ ಹಾಕಿಕೊಂಡು ಬಾಯಿಯನ್ನು ನೀರಿನಿಂದ ತೊಳೆಯಿರಿ. ತಲೆ ಬಗ್ಗಿಸಿ ಹಿಡಿಯಿರಿ, ನೀರು ಹೊರಗೆ ಬೀಳಬೇಕು, ಗಂಟಲಿಗೆ ಇಳಿಯಬಾರದು. ಬಟ್ಟೆಯಿಂದ ಉಜ್ಜಬೇಡಿ, ರೋಮ ಇನ್ನೂ ಒಳಗೆ ನಾಟುತ್ತದೆ. ತಕ್ಷಣ ಹತ್ತಿರದ ಪಶುವೈದ್ಯರ ಹತ್ತಿರ ಹೋಗಿ. ನಾಲಿಗೆ ಊದಿದ್ದರೆ ತೊಳೆಯುತ್ತಾ ಕೂರಬೇಡಿ, ಹೊರಡಿ.

ಇದು ಆಸ್ಟ್ರೇಲಿಯಾದ್ದೇ ಪತಂಗದ ಮರಿ, ಓಕ್ರೋಗ್ಯಾಸ್ಟರ್ ಲೂನಿಫರ್. ಇಲ್ಲಿನವರು ‘ಇಚಿ ಗ್ರಬ್’ ಅನ್ನುತ್ತಾರೆ. ಹಗಲು ಚೀಲದೊಳಗೆ ಇರುತ್ತದೆ, ರಾತ್ರಿ ಎಲೆ ತಿನ್ನುತ್ತದೆ. ಚಳಿಗಾಲಕ್ಕೆ ಮುಂಚೆ ಎಲ್ಲವೂ ಸಾಲಾಗಿ ಇಳಿದು, ಮಣ್ಣು ಸೇರಿ ಕೋಶ ಕಟ್ಟುತ್ತವೆ. ನೀವು ನೋಡಿದ್ದು ಆ ಪ್ರಯಾಣ.

ಕಣ್ಣಿಗೆ ಕಾಣುವ ಉದ್ದ ಕೂದಲಿಗಿಂತ, ಕಾಣದ ಪುಟ್ಟ ರೋಮಗಳೇ ಅಪಾಯ. ಬಲಿತ ಒಂದು ಹುಳುವಿನ ಮೇಲೆ ಸುಮಾರು 20 ಲಕ್ಷ ಇರುತ್ತವೆ! ಹುಳು ಹೋದರೂ ಚೀಲದಲ್ಲಿ ಕಳಚಿದ ಪೊರೆ, ಹಿಕ್ಕೆ, ರೋಮದ ಪುಡಿ ಉಳಿದಿರುತ್ತದೆ. ಕೆಡವಿದರೆ, ಸುಟ್ಟರೆ ಗಾಳಿಗೆ ಹಾರಿ ನಿಮ್ಮ ಮುಖಕ್ಕೇ ಬರುತ್ತದೆ. ಸುಮ್ನೆ ಬಿಡಿ, ಸುತ್ತ ಬೇಲಿ ಕಟ್ಟಿ. ತೆಗೆಯಲೇಬೇಕು ಅಂದರೆ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿ.

ಕುದುರೆ ಸಾಕಿದವರು ಇದನ್ನು ಗಮನಿಸಿ. 2004ರಲ್ಲಿ ನ್ಯೂ ಸೌತ್ ವೇಲ್ಸ್‌ನ ಹಂಟರ್ ಕಣಿವೆಯಲ್ಲಿ ಗಬ್ಬದ ಕುದುರೆಗಳು ಕಂದು ಹಾಕಿದವು. ಹುಡುಕುತ್ತಾ ಹೋದರೆ ಕಾರಣ ಈ ಹುಳು. ಮೇಯುವಾಗ ಹೊಟ್ಟೆಗೆ ಹೋದ ರೋಮ ಕರುಳನ್ನು ಚುಚ್ಚಿ ದಾಟಿ ಗರ್ಭದವರೆಗೂ ಹೋಗುತ್ತದೆ. ಹೊಲದಲ್ಲಿ ಚೀಲ ಕಂಡರೆ ಗಬ್ಬದ ಕುದುರೆಯನ್ನು ಅಲ್ಲಿ ಬಿಡಲೇಬೇಡಿ.

ಪ್ರಶ್ನೆ: ನಾಯಿಯನ್ನು ಈಗಲೇ ಕರೆದುಕೊಂಡು ಹೊರಟಿದ್ದೇವೆ. ಮಗನ ಕೈಯಲ್ಲೂ ಗಂದೆ ಎದ್ದಿದೆ. ಊರಿಂದ ಅಮ್ಮ ಫೋನಲ್ಲಿ ‘ಕಂಬಳಿಯಲ್ಲಿ ಉಜ್ಜು’ ಅನ್ನುತ್ತಿದ್ದಾರೆ. ನುಗ್ಗೆಮರದ ಹುಳಕ್ಕೆ ಅವರು ಹಾಗೇ ಮಾಡುತ್ತಿದ್ದರು.

ಉತ್ತರ: ಬೇಡ, ಉಜ್ಜಲೇಬೇಡಿ. ಸೆಲೋಟೇಪನ್ನು ಮೆಲ್ಲಗೆ ಅಂಟಿಸಿ ಕಿತ್ತುಬಿಡಿ, ನಾಲ್ಕೈದು ಸಲ, ಪ್ರತಿ ಸಲ ಹೊಸ ತುಂಡು. ಆಮೇಲೆ ಹರಿಯುವ ನೀರಲ್ಲಿ ತೊಳೆಯಿರಿ. ಕಣ್ಣು ಮುಟ್ಟಿಕೊಳ್ಳದ ಹಾಗೆ ನೋಡಿಕೊಳ್ಳಿ. ನಾನು ಪ್ರಾಣಿಗಳ ಡಾಕ್ಟರು, ಮಗುವನ್ನು ಇವತ್ತೇ ನಿಮ್ಮ ಫ್ಯಾಮಿಲಿ ಡಾಕ್ಟರಿಗೆ ತೋರಿಸಿ. ಹಾಕಿಕೊಂಡಿದ್ದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ, ನಾಯಿ ಮಲಗುವ ಹಾಸನ್ನೂ ಸಹ.