ತಮ್ಮನ ಸ್ಕಿಜೋಫ್ರೀನಿಯಾಕ್ಕೆ ಮಾತ್ರೆಯ ಜೊತೆ ಸಿಬಿಟಿ ಕೊಡಿಸಬಹುದೇ?

ಸುಮಾ, ಹಾಸನ
ನನ್ನ ತಮ್ಮನಿಗೆ ಸ್ಕಿಜೋಫ್ರೀನಿಯಾ ಇದೆ. ಮಾತ್ರೆ ತಪ್ಪಿಸದೆ ತೆಗೆದುಕೊಳ್ಳುತ್ತಿರುವುದರಿಂದ ಕಿವಿಗೆ ಕೇಳಿಸುತ್ತಿದ್ದ ದನಿಗಳು ಬಹುಮಟ್ಟಿಗೆ ಅಡಗಿವೆ. ಆದರೆ ಪಕ್ಕದ ಮನೆಯವರು ತನ್ನನ್ನೇ ಆಡಿಕೊಳ್ಳುತ್ತಾರೆಂಬ ನಂಬಿಕೆ ಹೋಗಿಲ್ಲ. ಅದು ಸುಳ್ಳೆಂದು ಅಪ್ಪ ವಾದಿಸಿದಾಗಲೆಲ್ಲ ಅವನು ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆ. ವೈದ್ಯರು ಸಿಬಿಟಿ, ಅಂದರೆ ಮಾತುಕತೆಯ ಮೂಲಕ ಯೋಚನೆ-ನಡವಳಿಕೆಗಳನ್ನು ಪರಿಶೀಲಿಸಿ ಬದಲಿಸಿಕೊಳ್ಳುವ ಚಿಕಿತ್ಸೆ, ಕೊಡಿಸಬಹುದೆಂದು ಹೇಳಿದ್ದಾರೆ. ಮಾತುಕತೆಯಿಂದ ಇಂಥ ನಂಬಿಕೆ ಸಡಿಲವಾಗುವುದುಂಟೇ? ಪೂರ್ತಿ ಗುಣವಾಗುವವರೆಗೆ ಅವನನ್ನು ಕೆಲಸಕ್ಕೆ ಕಳಿಸದಿರುವುದು ಸರಿಯೇ?

ಚಿಕಿತ್ಸಾ ಮನೋವಿಜ್ಞಾನಿ, ಬೆಂಗಳೂರು
ಸುಮಾ ಅವರೇ, ಸಡಿಲವಾಗುವುದುಂಟು; ಆದರೆ ವಾದದಿಂದಲ್ಲ. ಸಿಬಿಟಿಯನ್ನು ರೂಪಿಸಿದ ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರು ಗಟ್ಟಿಯಾದ ಭ್ರಮೆಯಿದ್ದ ರೋಗಿಯೊಬ್ಬರೊಂದಿಗೆ ಈ ಬಗೆಯ ಮಾತುಕತೆ ನಡೆಸಿದ ವಿವರವನ್ನು 1952ರಲ್ಲೇ ಪ್ರಕಟಿಸಿದ್ದರು. ಚಿಕಿತ್ಸಕರು ನಿಮ್ಮ ತಮ್ಮನ ಮಾತನ್ನು ಹೌದೆನ್ನುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಯಾವ ಹೊತ್ತಿನಲ್ಲಿ, ಎಲ್ಲಿ ನಿಂತಿದ್ದಾಗ, ಯಾವ ಪದಗಳು ಕಿವಿಗೆ ಬಿದ್ದವು, ಅವು ತನ್ನ ಕುರಿತೇ ಎಂಬುದು ನೂರಕ್ಕೆ ಎಷ್ಟರಮಟ್ಟಿಗೆ ಖಚಿತ, ಬೇರೆ ಕಾರಣವೂ ಇರಬಹುದೇ ಎಂದು ಅವನ ಜೊತೆ ಕುಳಿತು ವಿಚಾರಿಸುತ್ತಾರೆ. ಮುಂದೆ, ಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತು ಕೇಳಿಸಿದ್ದನ್ನು ಹಾಗೆಯೇ ಬರೆದುಕೊಳ್ಳುವಂಥ ಸಣ್ಣ ಪರೀಕ್ಷೆಗಳನ್ನು ಇಬ್ಬರೂ ಒಪ್ಪಿ ಮಾಡುತ್ತಾರೆ. ನಂಬಿಕೆ ಪೂರ್ತಿ ಅಳಿಯದಿದ್ದರೂ ಅದರಿಂದಾಗುವ ಭಯ ತಗ್ಗಿ, ಅವನು ಹೊರಗೆ ಓಡಾಡುವಂತಾದರೆ ಅದೇ ದೊಡ್ಡ ಗೆಲುವು.

ಚಿಕಿತ್ಸೆಗಳ ಬಗ್ಗೆ ಸಲಹೆ ನೀಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2014ರ ಮಾರ್ಗಸೂಚಿ ಸಿಬಿಟಿಗೆ ಕನಿಷ್ಠ 16 ಭೇಟಿಗಳನ್ನು ಶಿಫಾರಸು ಮಾಡುತ್ತದೆ. ಸಂಶೋಧನೆಗಳನ್ನು ಒಟ್ಟಾಗಿ ನೋಡಿದರೆ ಸಿಬಿಟಿಯ ಪರಿಣಾಮ ಸಾಧಾರಣ ಪ್ರಮಾಣದ್ದು ಎಂಬುದನ್ನೂ ನಿಮಗೆ ಹೇಳಬೇಕು; ಆದ್ದರಿಂದ ಅದು ಮಾತ್ರೆಯ ಬದಲಿಗಲ್ಲ, ಅದರ ಜೊತೆಗೆ.

ಮಗನನ್ನು ನೋಡಿಕೊಳ್ಳುತ್ತಿರುವ ತಾಯಿ, ಮೈಸೂರು
ಉತ್ಸಾಹವಿಲ್ಲದಿರುವುದು ಸೋಮಾರಿತನವಲ್ಲ, ಕಾಯಿಲೆಯದೇ ಲಕ್ಷಣ ಎಂದು ತಿಳಿದ ಮೇಲೆ ನಮ್ಮ ಮನೆಯಲ್ಲಿ ಬೈಗುಳ ನಿಂತಿತು. ಸ್ನಾನ, ಅಂಗಡಿಗೆ ಹೋಗಿ ಹಾಲು ತರುವುದು, ಹಗಲು ಆರೈಕೆ ಕೇಂದ್ರದಲ್ಲಿ ಎರಡು ಗಂಟೆ ಹೊಲಿಗೆ ಎಂದು ಒಂದೊಂದಾಗಿ ಸೇರಿಸುತ್ತಾ ಹೋದೆವು. ನಿಮ್ಮ ಜಿಲ್ಲೆಯಲ್ಲಿ ಇಂಥದೇ ಹಗಲು ಆರೈಕೆಯ ಮಾನಸಧಾರ ಕೇಂದ್ರ ನಡೆಯುತ್ತಿದೆಯೇ ಎಂದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಕೇಳಿರಿ. ನಿಮ್ಮ ತಂದೆಯವರ ಮೇಲೆ ಬೇಸರಿಸಬೇಡಿರಿ. ಮಗನ ಮೇಲಿನ ಸಂಕಟವೇ ಅವರನ್ನು ವಾದಕ್ಕೆ ಎಳೆಯುತ್ತಿದೆ.

ಪುನರ್ವಸತಿ ಕಾರ್ಯಕರ್ತ, ಶಿವಮೊಗ್ಗ
ಪೂರ್ತಿ ಗುಣವಾಗಲೆಂದು ಕಾಯುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ವರ್ಷಗಟ್ಟಲೆ ತರಬೇತಿ ಕೊಟ್ಟು ಆಮೇಲೆ ಕೆಲಸ ಹುಡುಕುವುದಕ್ಕಿಂತ, ಆಸೆಯಿದ್ದವರನ್ನು ಬೇಗನೆ ನಿಜವಾದ ಕೆಲಸಕ್ಕೆ ಸೇರಿಸಿ ಅಲ್ಲಿಯೇ ಬೆಂಬಲ ಕೊಡುವ ಕ್ರಮದಿಂದ ಹೆಚ್ಚು ಜನ ಉದ್ಯೋಗ ಪಡೆಯುತ್ತಾರೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ದಿನಕ್ಕೆ ಕೆಲವೇ ಗಂಟೆಗಳಿಂದ ಆರಂಭಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಅಸ್ವಸ್ಥತೆಯೂ ಸೇರಿದೆ, ತಪಾಸಣೆಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಕಂಡುಬಂದರೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿನ ಮೂಲಕ ಸೌಲಭ್ಯಗಳನ್ನು ಕೇಳಬಹುದು.

ಸುಮಾ, ಹಾಸನ
ಎಲ್ಲರಿಗೂ ಕೃತಜ್ಞತೆಗಳು. ಅವನು ಸಿಬಿಟಿಗೆ ಬರಲೊಪ್ಪದಿದ್ದರೆ ಏನು ಮಾಡುವುದು?

ಚಿಕಿತ್ಸಾ ಮನೋವಿಜ್ಞಾನಿ, ಬೆಂಗಳೂರು
ಒತ್ತಾಯಿಸಬೇಡಿರಿ. ಮೊದಲು ನೀವೂ ನಿಮ್ಮ ತಂದೆಯವರೂ ಹೋಗಿ, ಮನೆಯಲ್ಲಿ ಮಾತನಾಡುವ ರೀತಿಯನ್ನು ಕಲಿತುಬನ್ನಿರಿ; ಮನೆಯವರಿಗಾಗಿಯೇ ಇಂಥ ಭೇಟಿಗಳಿವೆ. ಯಾರನ್ನು ಕಾಣಬೇಕೆಂಬ ಗೊಂದಲವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಮಾಡಿರಿ, ಕನ್ನಡದಲ್ಲಿಯೇ ಮಾತನಾಡಬಹುದು.