ಶಿವಮೊಗ್ಗಕ್ಕೆ ಮೊದಲು ಬೇಕಾದದ್ದು ಆಶ್ರಯ ಮನೆಯಾ, ರಾತ್ರಿ ವಸತಿ ಕೇಂದ್ರವಾ?

ತುಂಗಾತೀರ: ಕೇಂದ್ರ ಸರ್ಕಾರದ ನಗರ ಜೀವನೋಪಾಯ ಅಭಿಯಾನದ ನಿಯಮ ಸ್ಪಷ್ಟವಾಗಿದೆ. ಒಂದು ಲಕ್ಷ ಜನಸಂಖ್ಯೆಗೆ 100 ವಸತಿರಹಿತರಿಗೆ ವಸತಿ ಕೇಂದ್ರದಲ್ಲಿ ಜಾಗ ಇರಬೇಕು. 2011ರ ಜನಗಣತಿಯಲ್ಲೇ ಶಿವಮೊಗ್ಗ 3 ಲಕ್ಷ ದಾಟಿತ್ತು. ಅಂದರೆ ಕಡಿಮೆ ಅಂದರೂ 300 ಜನಕ್ಕೆ ಜಾಗ ಬೇಕು. ಈ ಮಳೆಯಲ್ಲಿ ಖಾಸಗಿ ಬಸ್ ನಿಲ್ದಾಣದ ಹತ್ತಿರ ಅಂಗಡಿ ಷಟರ್‌ಗೆ ಒತ್ತಿಕೊಂಡು ಒಬ್ಬ ಹೆಂಗಸು ಮಕ್ಕಳ ಜೊತೆ ಮಲಗಿದ್ದರು. ಇರಚಲು ಬಡಿಯದ ಹಾಗೆ ಗೊಬ್ಬರದ ಚೀಲ ಬಿಚ್ಚಿ ಅಡ್ಡ ಕಟ್ಟಿದ್ದರು. ಪಾಲಿಕೆ ಮೊದಲು ಇವರನ್ನು ನೋಡಲಿ.

ಗೋಪಾಳ ಬಡಾವಣೆ: ಮಲಗುವ ಜಾಗ ಕೊಟ್ಟರೆ ಜನ ಅಲ್ಲೇ ಉಳಿಯುತ್ತಾರೆ. ಮನೆ ಕೊಡಿ. ಗೋವಿಂದಾಪುರದಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಆಶ್ರಯ ಮನೆ ಕಟ್ಟಿದ್ದಾರಲ್ಲ? ಒಂದು ಮನೆಗೆ ಕೇಂದ್ರ ಸರ್ಕಾರದಿಂದಲೇ 1.5 ಲಕ್ಷ ಬರುತ್ತದೆ.

ಮಳೆಬಿಲ್ಲು: "ಮನೆ ಕೊಡಿ" ಅಂತ ಸುಲಭವಾಗಿ ಹೇಳಿಬಿಟ್ಟಿರಿ. ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ ಎಲ್ಲಿಂದ ತರಬೇಕು? ಫಲಾನುಭವಿಯ ಪಾಲಿನ ದುಡ್ಡನ್ನೂ ಕಟ್ಟಬೇಕು. ಕೈಯಲ್ಲಿ ಇಲ್ಲದಿದ್ದರೆ ಬ್ಯಾಂಕ್ ಸಾಲ. ಫುಟ್‌ಪಾತ್ ಮೇಲೆ ಮಲಗುವವರಿಗೆ ಯಾವ ಬ್ಯಾಂಕ್ ಸಾಲ ಕೊಡುತ್ತದೆ?

ಕಂದಾಯ ಕಟ್ಟುವವ: ದುಡ್ಡಿಲ್ಲ ಅನ್ನುವ ಮಾತೇ ಬೇಡ. ಮನೆ ಕಂದಾಯದ ಜೊತೆ 3% ಭಿಕ್ಷುಕರ ಕರ ಕಟ್ಟುತ್ತೇವೆ. ರಸೀದಿ ತೆಗೆದು ನೋಡಿ. ಅದರಲ್ಲೇ ಕಟ್ಟಲಿ.

ನಿವೃತ್ತ ಗುಮಾಸ್ತ: ಆ ಕರ ಪಾಲಿಕೆಯದ್ದಲ್ಲ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಪ್ರಕಾರ ಪಾಲಿಕೆ ವಸೂಲಿ ಮಾಡುತ್ತದೆ ಅಷ್ಟೇ. ದುಡ್ಡು ರಾಜ್ಯ ಮಟ್ಟದ ಕೇಂದ್ರ ಪರಿಹಾರ ಸಮಿತಿಗೆ ಸೇರುತ್ತದೆ. ಭಿಕ್ಷುಕರನ್ನು ಇರಿಸುವ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುವುದು ಅದರಲ್ಲಿ.

ಕಂದಾಯ ಕಟ್ಟುವವ: ಪರಿಹಾರ ಕೇಂದ್ರ ಇದೆ ಅಂತ ನೀವೇ ಹೇಳಿದಿರಿ. ಹಾಗಾದರೆ ಬಸ್ ನಿಲ್ದಾಣದವರನ್ನು ಅಲ್ಲಿಗೇ ಕಳಿಸಿ. ಇನ್ನೊಂದು ಯಾಕೆ?

ತುಂಗಾತೀರ: "ಕಳಿಸಿ" ಅಂದರೆ ಏನರ್ಥ? ಅದು ಬೇಡುವವರನ್ನು ಹಿಡಿದು ಒಳಗಿಡುವ ಕಾಯ್ದೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದು ಮರೆತುಹೋಯಿತಾ? ಆ ಹೆಂಗಸು ಯಾರ ಹತ್ತಿರವೂ ಕೈ ಚಾಚಿಲ್ಲ. ಹಗಲು ಅಲ್ಲೇ ಹೂವು ಮಾರುತ್ತಾರೆ.

ಕಂದಾಯ ಕಟ್ಟುವವ: ಬೆಂಗಳೂರಿನ ಹಳೇ ಕಥೆ ಇಲ್ಲಿ ಬೇಡ. ಶಿವಮೊಗ್ಗದ ಕರದ ಬಗ್ಗೆ ಮಾತಾಡಿ.

ನಿವೃತ್ತ ಗುಮಾಸ್ತ: ಶಿವಮೊಗ್ಗದಲ್ಲಿ ವಸೂಲಾದ ಮಾತ್ರಕ್ಕೆ ಅದು ಶಿವಮೊಗ್ಗದ ದುಡ್ಡಾಗುವುದಿಲ್ಲ. ಕಾಯ್ದೆ ಓದಿ ಮಾತಾಡಿ.

ಕಂದಾಯ ಕಟ್ಟುವವ: ಓದಿ ಅನ್ನುವುದಕ್ಕೆ ನೀವ್ಯಾರು ಸಾರ್? ಕಟ್ಟುವವನು ನಾನು. ಎಲ್ಲಿ ಹೋಯಿತು ಅಂತ ಕೇಳುವ ಹಕ್ಕಿಲ್ವಾ?

ನಿವೃತ್ತ ಗುಮಾಸ್ತ: ಕೇಳಿ, ಯಾರು ಬೇಡ ಅಂದರು? ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಆದರೆ ತಪ್ಪು ಲೆಕ್ಕ ಹೇಳಿ ಜನರ ದಾರಿ ತಪ್ಪಿಸಬೇಡಿ.

ಕಂದಾಯ ಕಟ್ಟುವವ: ತಪ್ಪು ಲೆಕ್ಕ ಯಾವುದು? 3% ಸುಳ್ಳಾ? ಸುಳ್ಳು ಅಂತ ತೋರಿಸಿ ನೋಡೋಣ.

ನಿವೃತ್ತ ಗುಮಾಸ್ತ: 3% ಸರಿ. ಪಾಲಿಕೆಯದ್ದು ಅಂದಿದ್ದು ತಪ್ಪು.

ಕಂದಾಯ ಕಟ್ಟುವವ: ಸರಿ ಅಂತ ಒಪ್ಪಿದಿರಲ್ಲ, ಅಷ್ಟು ಸಾಕು.

ಗೋಪಾಳ ಬಡಾವಣೆ: ಕರದ ಜಗಳ ಬಿಡಿ. ಹೊರಗಿಂದ ಬಂದವರಿಗೆಲ್ಲ ನಾವು ಎಷ್ಟು ಅಂತ ಮಾಡೋದು? ಹತ್ತಾರು ವರ್ಷ ಬಾಡಿಗೆ ಮನೆಯಲ್ಲಿ ಇರುವವರೇ ಆಶ್ರಯ ಪಟ್ಟಿಯಲ್ಲಿ ಕಾಯುತ್ತಿದ್ದಾರೆ.

ಸಾಗರ ರಸ್ತೆ: "ಹೊರಗಿಂದ ಬಂದವರು" ಅಂತ ಯಾರಿಗೆ ಹೇಳುತ್ತೀರಿ? ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದಿದ್ದು 1964ರಲ್ಲಿ. ಈ ನಾಡಿಗೆ ಕರೆಂಟ್ ಕೊಡುವುದಕ್ಕೆ ಮನೆ, ತೋಟ ಮುಳುಗಡೆಗೆ ಬಿಟ್ಟವರ ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ನಮ್ಮನ್ನೂ ಆಗ ಹೊರಗಿನವರು ಅಂತಲೇ ಅಂದಿದ್ದು.

ಗೋಪಾಳ ಬಡಾವಣೆ: ಮುಳುಗಡೆಯವರ ಬಗ್ಗೆ ನಾನು ಒಂದು ಮಾತೂ ಆಡಿಲ್ಲ. ಸುಮ್ನೆ ಎಳೆದು ತರಬೇಡಿ. ವಸತಿ ಕೇಂದ್ರ ಬೇಕೇ ಬೇಕು ಅಂದರೆ ಗೋವಿಂದಾಪುರದ ಕಡೆ ಕಟ್ಟಲಿ. ಜಾಗವಾದರೂ ಇದೆ.

ಮಳೆಬಿಲ್ಲು: ಅಷ್ಟು ದೂರ ಯಾರು ಹೋಗುತ್ತಾರೆ? ಬಸ್ ನಿಲ್ದಾಣ, ರೈಲು ನಿಲ್ದಾಣ, ಮಾರುಕಟ್ಟೆ, ಹೀಗೆ ದುಡಿಯುವ ಜಾಗದ ಹತ್ತಿರವೇ ಇರಬೇಕು ಅಂತ ಅದೇ ಅಭಿಯಾನದ ಮಾರ್ಗಸೂಚಿ ಹೇಳುತ್ತದೆ. ತಲೆಗೆ 50 ಚದರಡಿ, ದಿನದ 24 ಗಂಟೆಯೂ ತೆರೆದಿರಬೇಕು. ಬೆಳಗಿನ ಜಾವ ಮಾರ್ಕೆಟ್ಟಿಗೆ ಹೂವು ಬರುವ ಹೊತ್ತಿಗೆ ಆ ಹೆಂಗಸು ಅಲ್ಲಿರಬೇಕು. ಊರ ಹೊರಗೆ ಮಲಗಿಸಿದರೆ ಅವರ ಅವತ್ತಿನ ದುಡಿಮೆ ಹೋಯಿತು.

ಕಂದಾಯ ಕಟ್ಟುವವ: 24 ಗಂಟೆ ತೆರೆದಿಡುವ ಖರ್ಚು ಯಾರದ್ದು? ಅದಕ್ಕೇ ನಾನು ಮೊದಲಿಂದ ಕರದ ಲೆಕ್ಕ ಕೇಳುತ್ತಿರುವುದು.